ಗಾಜಿನ ಪಟ್ಟಿಯನ್ನು ಯಂತ್ರ ನೋಡಿದಾಗ
(ಗರ್ಭಕಂಠದ ಕ್ಯಾನ್ಸರ್ ತಪಾಸಣೆಯ ಬಗ್ಗೆ ಒಂದು ತಿಳಿವಳಿಕೆ)

ಕಾಫಿ ಕ್ಯೂರಿಂಗ್ ವರ್ಕ್ಸಿನ ಒಳಗೆ ಒಮ್ಮೆ ಸುತ್ತಿ ಬಂದ ಸದಸ್ಯರು ಅಲ್ಲಿ ಬಣ್ಣ ನೋಡಿ ಬೀಜ ಬೇರ್ಪಡಿಸುವ ಯಂತ್ರವನ್ನು ಕಂಡಿರುತ್ತಾರೆ. ಬೀಜಗಳು ಸಾಲಾಗಿ ಜಾರಿ ಬೀಳುವಾಗ ವಿದ್ಯುತ್ ಕಣ್ಣೊಂದು ಪ್ರತಿಯೊಂದನ್ನೂ ನೋಡುತ್ತದೆ. ಕಪ್ಪು ಬೀಜ ಕಂಡೊಡನೆ ಗಾಳಿ ರಭಸದಿಂದ ಊದಿ ಅದನ್ನು ಪಕ್ಕಕ್ಕೆ ತಳ್ಳುತ್ತದೆ. ಇದಕ್ಕೆ ಮೊದಲು ಈ ಕೆಲಸವೆಲ್ಲ ಸಾಲಾಗಿ ಕುಳಿತ ಹೆಂಗಸರದಾಗಿತ್ತು. ನಮ್ಮ ಅಡಿಕೆಯಲ್ಲಂತೂ ಚಾಲಿಯಿಂದ ಪಟೋರ, ಉಳ್ಳಿ, ಕೋಕಗಳನ್ನು ಬೇರೆ ಮಾಡುವುದು ಇಂದಿಗೂ ಬಹುಮಟ್ಟಿಗೆ ಕಣ್ಣು ಮತ್ತು ಕೈಗಳ ಕೆಲಸವೇ.

ಇದೇ ಬಗೆಯ ಆರಿಸುವ ಯಂತ್ರವೊಂದು ವೈದ್ಯಕೀಯ ಪ್ರಯೋಗಾಲಯಕ್ಕೂ ಬಂದು ಹಲವು ವರ್ಷಗಳಾದುವು. ಅದು ಆರಿಸುವುದು ಬೀಜವನ್ನಲ್ಲ, ಹೆಂಗಸರ ಗರ್ಭಕಂಠದಿಂದ, ಅಂದರೆ ಗರ್ಭಕೋಶದ ಬಾಯಿಯಿಂದ, ಸವರಿ ತೆಗೆದ ಜೀವಕೋಶಗಳನ್ನು. ಲಕ್ಷಗಟ್ಟಲೆ ಒಳ್ಳೆಯ ಕೋಶಗಳ ನಡುವೆ ಕೆಟ್ಟಿರುವ ಹತ್ತಾರನ್ನು ಹುಡುಕಿ ಕೊಡುವುದು ಅದರ ಕೆಲಸ. ಕಪ್ಪು ಬೀಜವೊಂದು ತಪ್ಪಿಸಿಕೊಂಡರೆ ಬಟ್ಟಲು ಕಾಫಿಯ ರುಚಿ ಕೆಟ್ಟೀತು. ಇಲ್ಲಿ ಒಂದು ಕೋಶ ತಪ್ಪಿಸಿಕೊಂಡರೆ ಒಬ್ಬ ತಾಯಿ ಹೋದಾಳು.

ಬೆಳೆಗಾರರ ಪತ್ರಿಕೆಯಲ್ಲಿ ಈ ವಿಷಯವೇಕೆ ಎಂದು ಕೆಲವರು ಕೇಳಬಹುದು. ಈ ಕಾಯಿಲೆ ಹಿಡಿಯುವುದು ಹೆಚ್ಚಾಗಿ ಮೂವತ್ತೈದು ದಾಟಿದ ಹೆಂಗಸರನ್ನು. ಮನೆ, ದನಕರು, ತೋಟ, ರೇಷ್ಮೆ ಎಲ್ಲದರ ಭಾರ ಹೊತ್ತು ನಡೆಸುವ ವಯಸ್ಸು ಅದು. ನಮ್ಮ ತೋಟಗಳಲ್ಲಿ ಕೂಲಿಗೆ ಬರುವ ಹೆಣ್ಣಾಳುಗಳಲ್ಲಿ ಹೆಚ್ಚಿನವರು ಅದೇ ವಯಸ್ಸಿನವರು. 2022ರ ಜಾಗತಿಕ ಅಂದಾಜಿನಂತೆ ಭಾರತದಲ್ಲಿ ಆ ಒಂದೇ ವರ್ಷ ಸುಮಾರು 1 ಲಕ್ಷ 27 ಸಾವಿರ ಹೆಂಗಸರಿಗೆ ಈ ಕ್ಯಾನ್ಸರ್ ಹೊಸದಾಗಿ ಬಂದಿತು, ಸುಮಾರು 80 ಸಾವಿರ ಮಂದಿ ಸತ್ತರು. ಇಷ್ಟು ಜನ ಸಾಯುತ್ತಿರುವುದು ಮದ್ದಿಲ್ಲದ ಕಾಯಿಲೆಯಿಂದಲ್ಲ. ಬಹಳ ಮೊದಲೇ ಗುರುತಿಸಬಹುದಾದ, ಗುರುತಿಸಿದರೆ ಪೂರ್ತಿ ವಾಸಿಯಾಗುವ ಕಾಯಿಲೆಯಿಂದ.

ನಿಧಾನವಾಗಿ ಬರುವ ಕಾಯಿಲೆ

ಈ ಕ್ಯಾನ್ಸರಿಗೆ ಮೂಲ ಎಚ್.ಪಿ.ವಿ. ಎಂಬ ವೈರಸ್. ಇದನ್ನು ತೋರಿಸಿಕೊಟ್ಟ ಜರ್ಮನಿಯ ವಿಜ್ಞಾನಿ ಹರಾಲ್ಡ್ ತ್ಸುರ್ ಹೌಸನ್ ಅವರಿಗೆ 2008ರಲ್ಲಿ ನೊಬೆಲ್ ಬಹುಮಾನ ಬಂದಿತು. ವೈರಸ್ ಗಂಡುಹೆಣ್ಣಿನ ಸಂಪರ್ಕದಿಂದ ಹರಡುತ್ತದೆ. ಹಾಗೆಂದು ಯಾರ ನಡತೆಯನ್ನೂ ಶಂಕಿಸಬೇಕಾಗಿಲ್ಲ. ಸಂಸಾರ ಮಾಡಿದ ಬಹುಪಾಲು ಗಂಡಸರಿಗೂ ಹೆಂಗಸರಿಗೂ ಜೀವನದಲ್ಲಿ ಒಮ್ಮೆಯಾದರೂ ತಗಲುವ ವೈರಸ್ ಇದು. ಹೆಚ್ಚಿನವರಲ್ಲಿ ಒಂದೆರಡು ವರ್ಷದೊಳಗೆ ತಾನಾಗಿಯೇ ಹೊರಟುಹೋಗುತ್ತದೆ. ಕೆಲವರಲ್ಲಿ ಮಾತ್ರ ಉಳಿದುಕೊಂಡು ಗರ್ಭಕಂಠದ ಕೋಶಗಳನ್ನು ಮೆಲ್ಲಗೆ ಕೆಡಿಸುತ್ತದೆ. ಕೆಟ್ಟ ಕೋಶ ಕ್ಯಾನ್ಸರ್ ಆಗಿ ಬೇರೂರಲು ಸಾಮಾನ್ಯವಾಗಿ ಹತ್ತರಿಂದ ಇಪ್ಪತ್ತು ವರ್ಷ ಬೇಕು.

ಅಡಿಕೆ ಮರಕ್ಕೆ ಅಣಬೆರೋಗ ತಗಲಿದ್ದು ಕಾಂಡದ ಬುಡದಲ್ಲಿ ಕಂದು ನೀರು ಇಳಿಯುವವರೆಗೂ ತಿಳಿಯುವುದಿಲ್ಲ, ತಿಳಿದಾಗ ಮರ ಕೈಬಿಟ್ಟಿರುತ್ತದೆ. ಇಲ್ಲಿಯೂ ಆ ಹತ್ತಿಪ್ಪತ್ತು ವರ್ಷ ಹೆಂಗಸಿಗೆ ನೋವಿಲ್ಲ, ಏನೂ ಇಲ್ಲ. ದುರ್ವಾಸನೆಯ ಬಿಳಿಸೆರಗು, ಮುಟ್ಟು ನಿಂತ ಮೇಲೆ ರಕ್ತ, ಗಂಡನೊಡನೆ ಸೇರಿದಾಗ ರಕ್ತ ಇವು ಕಾಣಿಸಿಕೊಳ್ಳುವಾಗ ಕಾಯಿಲೆ ಮುಂದುವರಿದಿರಬಹುದು. ಆದ್ದರಿಂದ ‘ನನಗೇನೂ ಆಗಿಲ್ಲ, ನನಗೇಕೆ ಪರೀಕ್ಷೆ’ ಎನ್ನುವ ಹೆಂಗಸರಿಗಾಗಿಯೇ ಈ ತಪಾಸಣೆ ಇರುವುದು. ಮೇಲೆ ಹೇಳಿದ ಲಕ್ಷಣ ಇದ್ದವರು ತಪಾಸಣೆ ಶಿಬಿರಕ್ಕೆ ಕಾಯಬಾರದು, ನೇರವಾಗಿ ವೈದ್ಯರಲ್ಲಿಗೆ ಹೋಗಬೇಕು.

ಶಿಡ್ಲಘಟ್ಟದವರಿಗೆ ಹೊಸದಲ್ಲದ ವಿದ್ಯೆ

ಶಿಡ್ಲಘಟ್ಟದ ರೇಷ್ಮೆ ಬೆಳೆಗಾರರಿಗೆ ಸೂಕ್ಷ್ಮದರ್ಶಕದ ವಿಷಯ ಬಿಡಿಸಿ ಹೇಳಬೇಕಾಗಿಲ್ಲ. ಬಿತ್ತನೆ ಕೋಠಿಯಲ್ಲಿ ಮೊಟ್ಟೆಯಿಟ್ಟ ತಾಯಿ ಚಿಟ್ಟೆಯನ್ನು ಅರೆದು, ಒಂದು ತೊಟ್ಟನ್ನು ಗಾಜಿನ ಪಟ್ಟಿಯ ಮೇಲಿಟ್ಟು, ಗಂಟುರೋಗದ ಕಣಗಳಿವೆಯೇ ಎಂದು ನೋಡುತ್ತಾರೆ. ಕಣ ಕಂಡರೆ ಆ ಮೊಟ್ಟೆ ಬಿತ್ತನೆಗೆ ಬಾರದು. ಲೂಯಿ ಪಾಸ್ಚರ್ ಫ್ರಾನ್ಸಿನಲ್ಲಿ 1865ರಿಂದ ಐದಾರು ವರ್ಷ ದುಡಿದು ಕೊಟ್ಟ ಈ ವಿಧಾನ ಇಂದಿಗೂ ರೇಷ್ಮೆ ಉದ್ಯಮವನ್ನು ಕಾಯುತ್ತಿದೆ. ಹುಳು ಸಾಯುವ ತನಕ ಕಾಯದೆ ಬಿತ್ತನೆಯಲ್ಲೇ ರೋಗವನ್ನು ಹಿಡಿಯುವುದು ಅದರ ಗುಟ್ಟು.

ಗರ್ಭಕಂಠದ ಪರೀಕ್ಷೆಯೂ ಇದೇ ಜಾತಿಯದು. ಗ್ರೀಸ್ ದೇಶದಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಡಾ. ಜಾರ್ಜ್ ಪಾಪನಿಕೊಲಾವು, ಗರ್ಭಕಂಠದಿಂದ ಉದುರುವ ಕೋಶಗಳಲ್ಲಿ ಕ್ಯಾನ್ಸರನ್ನು ಗುರುತಿಸಬಹುದೆಂದು 1928ರಲ್ಲಿ ಮೊದಲು ಹೇಳಿದರು. ಆಗ ಯಾರೂ ಅಷ್ಟಾಗಿ ಕಿವಿಗೊಡಲಿಲ್ಲ. 1941ರಲ್ಲಿ ಡಾ. ಹರ್ಬರ್ಟ್ ಟ್ರಾಟ್ ಅವರೊಡನೆ ಮತ್ತೆ ಬರೆದರು, 1943ರಲ್ಲಿ ಪುಸ್ತಕ ತಂದರು, ಆಮೇಲೆ ಜಗತ್ತು ಒಪ್ಪಿತು. ವರ್ಷಗಟ್ಟಲೆ ತಮ್ಮ ಕೋಶಗಳನ್ನೇ ಪರೀಕ್ಷೆಗೆ ಒದಗಿಸಿದವರು ಅವರ ಪತ್ನಿ ಆಂಡ್ರೊಮಾಕಿ. ಈ ಹೆಸರನ್ನು ಪಠ್ಯಪುಸ್ತಕಗಳು ಅಷ್ಟಾಗಿ ನೆನೆಯುವುದಿಲ್ಲ. ಅವರ ಹೆಸರಿನ ಮೊದಲ ಅಕ್ಷರಗಳಿಂದ ‘ಪ್ಯಾಪ್ ಪರೀಕ್ಷೆ’ ಎಂಬ ಹೆಸರು ಬಂದಿದೆ. ಅದು ಗಂಡನ ಹೆಸರೆಂದು ತಿಳಿದರೂ ಹೆಂಡತಿಯದೂ ಅದೇ ಮನೆತನದ ಹೆಸರಲ್ಲವೇ.

ಮಾಡುವ ಕ್ರಮ ಸುಲಭ. ದಾದಿ ಅಥವಾ ವೈದ್ಯರು ಒಂದು ಮರದ ಚಮಚೆಯಂಥ ಕಡ್ಡಿಯಿಂದಲೋ ಸಣ್ಣ ಬ್ರಷಿನಿಂದಲೋ ಗರ್ಭಕಂಠವನ್ನು ಮೃದುವಾಗಿ ಸವರುತ್ತಾರೆ. ಕೊಯ್ಯುವುದಿಲ್ಲ, ಅರಿವಳಿಕೆ ಬೇಡ, ಐದು ನಿಮಿಷದ ಕೆಲಸ. ಸವರಿದ್ದನ್ನು ಗಾಜಿನ ಪಟ್ಟಿಗೆ ಹಚ್ಚಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದ ಕೆಳಗಿಡುತ್ತಾರೆ. ಕೆಟ್ಟ ಕೋಶದ ನಡುವಿನ ಬೀಜಕೇಂದ್ರ ಉಬ್ಬಿ, ಕಪ್ಪಾಗಿ, ಅಂಕುಡೊಂಕಾಗಿ ಕಾಣುತ್ತದೆ. ಒಂದು ಪಟ್ಟಿಯ ಮೇಲೆ ಐವತ್ತು ಸಾವಿರದಿಂದ ಮೂರು ಲಕ್ಷದವರೆಗೆ ಕೋಶಗಳಿರಬಹುದು. ತರಬೇತಾದ ಪರೀಕ್ಷಕರು ಹೊಲ ಉಳುವ ಹಾಗೆ ಪಟ್ಟಿಯ ಒಂದು ತುದಿಯಿಂದ ಇನ್ನೊಂದಕ್ಕೆ ಸಾಲು ಬಿಡದೆ ನೋಡಿಕೊಂಡು ಹೋಗಬೇಕು.

ತೊಂದರೆ ಶುರುವಾಗುವುದು ಇಲ್ಲೇ. ನೂರು ಪಟ್ಟಿಗಳಲ್ಲಿ ತೊಂಬತ್ತಕ್ಕೂ ಮಿಕ್ಕಿ ಏನೂ ಇರುವುದಿಲ್ಲ. ಏನೂ ಇಲ್ಲದ್ದನ್ನು ಗಂಟೆಗಟ್ಟಲೆ ನೋಡಿದ ಕಣ್ಣು ಇದ್ದದ್ದನ್ನೂ ಬಿಟ್ಟುಬಿಡುತ್ತದೆ. 1987ರಲ್ಲಿ ಅಮೆರಿಕದ ವಾಲ್ ಸ್ಟ್ರೀಟ್ ಜರ್ನಲ್ ಪತ್ರಿಕೆಯ ವರದಿಗಾರ ವಾಲ್ಟ್ ಬೊಗ್ಡಾನಿಚ್ ಅಲ್ಲಿಯ ಪ್ರಯೋಗಾಲಯಗಳ ಹಗರಣವನ್ನು ಬಯಲಿಗೆಳೆದರು. ಪಟ್ಟಿಯೊಂದಕ್ಕೆ ಇಷ್ಟು ಎಂದು ಕೂಲಿ ಕೊಟ್ಟು, ಅತಿವೇಗದಲ್ಲಿ ನೋಡಿಸಿ, ಕ್ಯಾನ್ಸರ್ ಇದ್ದವರಿಗೂ ‘ಏನೂ ಇಲ್ಲ’ ಎಂದು ಬರೆದುಕೊಟ್ಟ ಪ್ರಯೋಗಾಲಯಗಳಿದ್ದುವು. ಕಿಲೋ ಲೆಕ್ಕದಲ್ಲಿ ಹಣ್ಣು ಕೊಯ್ಯಿಸಿದಾಗ ಬುಟ್ಟಿಗೆ ಎಷ್ಟು ಹಸಿರು ಕಾಯಿ ಬರುತ್ತದೆಂದು ಬಲ್ಲ ಕಾಫಿ ಬೆಳೆಗಾರರಿಗೆ ಇದರಲ್ಲಿ ಆಶ್ಚರ್ಯವಿರಲಾರದು. ಮರುವರ್ಷ ಅಮೆರಿಕ ಹೊಸ ಕಾನೂನು ತಂದಿತು, ಅದರ ನಿಯಮದಂತೆ ಒಬ್ಬ ಪರೀಕ್ಷಕ ದಿನಕ್ಕೆ ನೂರಕ್ಕಿಂತ ಹೆಚ್ಚು ಪಟ್ಟಿ ನೋಡಕೂಡದು.

ಯಂತ್ರದ ಕಣ್ಣು

ಕಣ್ಣು ದಣಿಯುತ್ತದೆ, ಯಂತ್ರ ದಣಿಯುವುದಿಲ್ಲ ಎಂಬ ಯೋಚನೆ 1950ರ ದಶಕದಷ್ಟು ಹಳೆಯದು. ಆಗ ಅಮೆರಿಕದಲ್ಲಿ ಕಟ್ಟಿದ ‘ಸೈಟೊಅನಲೈಸರ್’ ಎಂಬ ಯಂತ್ರ ಕೋಶದ ಬೀಜಕೇಂದ್ರದ ಗಾತ್ರ ಮತ್ತು ಕಪ್ಪನ್ನು ಅಳೆದು ತೀರ್ಪು ಕೊಡಲು ಹೊರಟು ಸೋತಿತು. ಒಂದರ ಮೇಲೊಂದು ಬಿದ್ದ ಎರಡು ಒಳ್ಳೆಯ ಕೋಶಗಳೂ, ಲೋಳೆಯೂ, ರಕ್ತದ ಕಲೆಯೂ ಅದಕ್ಕೆ ಕ್ಯಾನ್ಸರಿನಂತೆಯೇ ಕಂಡುವು. ಹದವಾಗಿ ಒಣಗಿಸದ, ಸಿಪ್ಪೆ ಸಮೇತ ಮುದ್ದೆಯಾದ ಕಾಫಿಯನ್ನು ಬಣ್ಣದ ಯಂತ್ರಕ್ಕೆ ಸುರಿದರೆ ಅದೇನು ತಾನೆ ಮಾಡೀತು?

ಹಾಗಾಗಿ ಮೊದಲು ಪಟ್ಟಿಯನ್ನು ಚೊಕ್ಕಟ ಮಾಡುವ ವಿದ್ಯೆ ಬರಬೇಕಾಯಿತು. ಸವರಿದ ಬ್ರಷನ್ನು ಗಾಜಿಗೆ ಉಜ್ಜುವ ಬದಲು ಒಂದು ದ್ರವದ ಶೀಸೆಯಲ್ಲಿ ತೊಳೆಯುತ್ತಾರೆ. ಯಂತ್ರವೊಂದು ಆ ದ್ರವವನ್ನು ಸೋಸಿ, ಲೋಳೆ ರಕ್ತಗಳನ್ನು ಕಳೆದು, ಕೋಶಗಳನ್ನು ಗಾಜಿನ ಮೇಲೆ ರೂಪಾಯಿಯಗಲದ ತೆಳು ವೃತ್ತವಾಗಿ ಹರಡುತ್ತದೆ. ಅಮೆರಿಕದಲ್ಲಿ ಇದಕ್ಕೆ ಒಪ್ಪಿಗೆ ಸಿಕ್ಕಿದ್ದು 1996ರಲ್ಲಿ. ಇದರ ಬೆನ್ನಿಗೆ 2003ರಲ್ಲಿ ‘ಥಿನ್‌ಪ್ರೆಪ್ ಇಮೇಜಿಂಗ್’ ಎಂಬ ಚಿತ್ರಗ್ರಾಹಕ ಯಂತ್ರ ಬಂದಿತು. ಅದರಲ್ಲಿ ಬಳಸುವ ಬಣ್ಣ ಕೋಶದೊಳಗಿನ ಡಿ.ಎನ್.ಎ. ಎಷ್ಟಿದೆಯೋ ಅಷ್ಟೇ ಗಾಢವಾಗಿ ಹಿಡಿಯುತ್ತದೆ. ಕ್ಯಾನ್ಸರಿನತ್ತ ತಿರುಗಿದ ಕೋಶದಲ್ಲಿ ಡಿ.ಎನ್.ಎ. ಮಿತಿಮೀರಿರುತ್ತದೆ. ಯಂತ್ರ ಇಡೀ ಪಟ್ಟಿಯ ಚಿತ್ರ ತೆಗೆದು, ಅತಿ ಗಾಢವಾಗಿ ಕಂಡ 22 ಜಾಗಗಳನ್ನು ಗುರುತು ಹಾಕಿ ಪರೀಕ್ಷಕನ ಮುಂದಿಡುತ್ತದೆ. ಆತ ಆ 22ನ್ನು ನೋಡುತ್ತಾನೆ. ಅವುಗಳಲ್ಲಿ ಒಂದರಲ್ಲಾದರೂ ಸಂಶಯ ಬಂದರೆ ಪೂರ್ತಿ ಪಟ್ಟಿಯನ್ನು ನೋಡುತ್ತಾನೆ. ಈ ಯಂತ್ರ ‘ಕ್ಯಾನ್ಸರ್ ಇದೆ’ ಎಂದಾಗಲಿ ‘ಇಲ್ಲ’ ಎಂದಾಗಲಿ ಹೇಳುವುದಿಲ್ಲ. ‘ಇಲ್ಲಿ ನೋಡಿ’ ಎನ್ನುತ್ತದೆ, ಅಷ್ಟೆ.

ಗೌರಿಬಿದನೂರಿನವರಿಗೆ ಇದಕ್ಕೆ ಹೋಲಿಕೆ ಮನೆಯ ಹತ್ತಿರವೇ ಇದೆ. ಭಾಭಾ ಅಣುಸಂಶೋಧನಾ ಕೇಂದ್ರದವರು 1965ರಿಂದ ಅಲ್ಲಿ ಭೂಮಿಯ ಕಂಪನ ಅಳೆಯುವ ಉಪಕರಣಗಳ ಸಾಲನ್ನೇ ಹೂಡಿದ್ದಾರೆ. ಕಲ್ಲುಕ್ವಾರಿಯ ಸಿಡಿತದಿಂದ ಹಿಡಿದು ಸಾವಿರಾರು ಮೈಲಿ ದೂರದ ಭೂಕಂಪದವರೆಗೆ, ಎಲ್ಲೋ ನೆಲದಡಿ ನಡೆಸಿದ ಅಣುಸ್ಫೋಟದವರೆಗೆ ಭೂಮಿಯ ನಡುಕಗಳು ಅಲ್ಲಿ ದಾಖಲಾಗುತ್ತವೆ. ಗದ್ದಲದ ನಡುವೆ ಯಾವುದು ಯಾವುದೆಂದು ಬೇರ್ಪಡಿಸುವುದೇ ಅಲ್ಲಿಯ ವಿಜ್ಞಾನ. ಉಪಕರಣ ಎಷ್ಟೇ ಸೂಕ್ಷ್ಮವಾಗಿದ್ದರೂ ಅರ್ಥ ಹೇಳಲು ಬಲ್ಲವರು ಬೇಕು.

ಯಂತ್ರದಿಂದ ಲಾಭವಾಯಿತೇ? ವೇಗ ಹೆಚ್ಚಿತು, ಒಬ್ಬರೇ ಹೆಚ್ಚು ಪಟ್ಟಿ ನೋಡುವಂತಾಯಿತು, ಇದರಲ್ಲಿ ಅನುಮಾನವಿಲ್ಲ. ಆದರೆ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ 73 ಸಾವಿರಕ್ಕೂ ಹೆಚ್ಚು ಪಟ್ಟಿಗಳನ್ನು ಯಂತ್ರದ ನೆರವಿನಿಂದಲೂ, ನೆರವಿಲ್ಲದೆಯೂ ನೋಡಿಸಿ 2011ರಲ್ಲಿ ಪ್ರಕಟಿಸಿದ ಹೋಲಿಕೆ ಬೇರೆಯೇ ಮಾತು ಹೇಳಿತು. ನುರಿತ ಪರೀಕ್ಷಕರು ಬರಿಯ ಕಣ್ಣಿನಿಂದಲೇ ಪೂರ್ತಿ ನೋಡಿದ್ದಕ್ಕೆ ಹೋಲಿಸಿದರೆ ಯಂತ್ರದ ನೆರವಿನ ವಿಧಾನ ಶೇಕಡ 8ರಷ್ಟು ಹಿಂದೆ ಬಿದ್ದಿತು. ಯಂತ್ರ ತೋರಿಸದ ಜಾಗದಲ್ಲಿ ಕೆಟ್ಟ ಕೋಶವಿದ್ದರೆ ನೋಡುವವನೂ ಅದನ್ನು ನೋಡುವುದಿಲ್ಲವಲ್ಲ. ಒಳ್ಳೆಯ ಪರೀಕ್ಷಕರಿದ್ದ ಜಾಗದಲ್ಲಿ ಬಂದ ಫಲಿತಾಂಶ ಇದು. ಪರೀಕ್ಷಕರೇ ಇಲ್ಲದ ಕಡೆ ಲೆಕ್ಕ ಬೇರೆಯಾಗಬಹುದು ಎಂಬುದನ್ನೂ ಒಪ್ಪಬೇಕು.

ನಮಗೆ ಸಂಬಂಧಪಟ್ಟ ಪ್ರಶ್ನೆಯೂ ಅದೇ. ಕೋಶಪರೀಕ್ಷೆ ಬಲ್ಲ ವೈದ್ಯರು ಬೆಂಗಳೂರಿನಂಥ ನಗರಗಳಲ್ಲಿ ಸಿಗುತ್ತಾರೆ, ಹೋಬಳಿಯಲ್ಲಿ ಸಿಗುವುದಿಲ್ಲ. ಬೆಂಗಳೂರಿನ ಐಂದ್ರ ಸಿಸ್ಟಮ್ಸ್ ಎಂಬ ಕಂಪನಿ ಈ ಕೊರತೆಯನ್ನೇ ಗಮನದಲ್ಲಿಟ್ಟು, ಪಟ್ಟಿಗೆ ತಾನೇ ಬಣ್ಣ ಹಾಕುವ ಒಂದು ಯಂತ್ರ, ಚಿತ್ರ ತೆಗೆಯುವ ಇನ್ನೊಂದು ಯಂತ್ರ ಮತ್ತು ಚಿತ್ರದಲ್ಲಿ ಸಂಶಯದ ಕೋಶಗಳನ್ನು ಹುಡುಕುವ ಕೃತಕ ಬುದ್ಧಿಮತ್ತೆಯ ವ್ಯವಸ್ಥೆಯನ್ನು ತಯಾರಿಸಿದೆ. ಚಿತ್ರ ಗಣಕಕ್ಕೆ ಇಳಿದ ಮೇಲೆ ಗಾಜಿನ ಪಟ್ಟಿ ಬಸ್ಸು ಹತ್ತಬೇಕಾಗಿಲ್ಲ. ಚಿಂತಾಮಣಿಯಲ್ಲಿ ಸವರಿದ ಕೋಶವನ್ನು ಬೆಂಗಳೂರಿನಲ್ಲಿ ಕುಳಿತ ವೈದ್ಯರು ಅಂದೇ ನೋಡಬಹುದು. ಅಮೆರಿಕವೂ ಇಂಥ ಪೂರ್ಣ ಗಣಕೀಕೃತ ವ್ಯವಸ್ಥೆಯೊಂದಕ್ಕೆ 2024ರಲ್ಲಿ ಒಪ್ಪಿಗೆ ಕೊಟ್ಟಿದೆ. ಯಂತ್ರದಿಂದ ನಮ್ಮಂಥವರಿಗೆ ಆಗಬಹುದಾದ ದೊಡ್ಡ ಉಪಕಾರ ಇದೇ ಎಂದು ಈ ಲೇಖಕನ ಅಭಿಪ್ರಾಯ: ಚುರುಕು ಕಣ್ಣಿಗಿಂತ ಹೆಚ್ಚಾಗಿ ದೂರ ಕಡಿಮೆ ಮಾಡುವುದು.

ಉಸ್ಮಾನಾಬಾದಿನ ಪಾಠ

ಆದರೆ ಯಂತ್ರದ ಮೋಹಕ್ಕೆ ಬೀಳುವ ಮೊದಲು ನಮ್ಮ ಕಲಬುರಗಿಯ ಆಚೆಗಿರುವ ಮಹಾರಾಷ್ಟ್ರದ ಉಸ್ಮಾನಾಬಾದ್ (ಈಗ ಧಾರಾಶಿವ) ಜಿಲ್ಲೆಯಲ್ಲಿ ನಡೆದದ್ದನ್ನು ತಿಳಿಯಬೇಕು. 1999ರಿಂದ ಅಲ್ಲಿ 52 ಹಳ್ಳಿಗುಂಪುಗಳ 30ರಿಂದ 59 ವಯಸ್ಸಿನ 1,31,746 ಹೆಂಗಸರನ್ನು ನಾಲ್ಕು ಪಾಲು ಮಾಡಿ, ಒಂದು ಪಾಲಿಗೆ ವೈರಸ್ ಇದೆಯೇ ಎಂಬ ಎಚ್.ಪಿ.ವಿ. ಪರೀಕ್ಷೆ, ಒಂದಕ್ಕೆ ಪ್ಯಾಪ್ ಪರೀಕ್ಷೆ, ಒಂದಕ್ಕೆ ವಿನೆಗರ್ ಹಚ್ಚಿ ನೋಡುವ ಪರೀಕ್ಷೆ, ಇನ್ನೊಂದಕ್ಕೆ ತಿಳಿವಳಿಕೆ ಮಾತ್ರ ಕೊಟ್ಟರು. ಪರೀಕ್ಷೆ ಜೀವಮಾನದಲ್ಲಿ ಒಂದೇ ಬಾರಿ. ಎಂಟು ವರ್ಷ ಅವರನ್ನು ಅನುಸರಿಸಿ 2009ರಲ್ಲಿ ಫಲಿತಾಂಶ ಪ್ರಕಟಿಸಿದರು. ಸುಮ್ಮನೆ ಬಿಟ್ಟ ಪಾಲಿನಲ್ಲಿ ಈ ಕ್ಯಾನ್ಸರಿನಿಂದ ಸತ್ತವರು 64 ಮಂದಿ. ಎಚ್.ಪಿ.ವಿ. ಪರೀಕ್ಷೆಯಾದ ಪಾಲಿನಲ್ಲಿ 34. ಹೆಚ್ಚುಕಡಿಮೆ ಅರ್ಧ. ಪ್ಯಾಪ್ ಪರೀಕ್ಷೆಯ ಪಾಲಿನಲ್ಲಿ ಸಾವು ಹೇಳಿಕೊಳ್ಳುವಷ್ಟು ಇಳಿಯಲಿಲ್ಲ. ಪರೀಕ್ಷೆಯಿಲ್ಲದೆ ಬಿಟ್ಟ ಪಾಲಿನ ಬಗ್ಗೆ ಮುಂದೆ ಆಕ್ಷೇಪಗಳೂ ಎದ್ದುವು, ಅವು ಸುಮ್ಮನೆ ತಳ್ಳಿಹಾಕುವಂಥವಲ್ಲ.

ಪ್ಯಾಪ್ ಪರೀಕ್ಷೆ ಕೆಟ್ಟದ್ದೆಂದು ಇದರ ಅರ್ಥವಲ್ಲ. ಮೂರು ನಾಲ್ಕು ವರ್ಷಕ್ಕೊಮ್ಮೆ ತಪ್ಪದೆ ಮಾಡಿಸುವ, ಉತ್ತಮ ಪ್ರಯೋಗಾಲಯವಿರುವ ದೇಶಗಳಲ್ಲಿ ಅದು ಅಸಂಖ್ಯ ಜೀವ ಉಳಿಸಿದೆ. ಒಂದು ಸಲ ತಪ್ಪಿದ್ದು ಮುಂದಿನ ಸಲ ಸಿಗುತ್ತದೆ ಎಂಬುದರ ಮೇಲೆಯೇ ಅದು ನಿಂತಿದೆ. ಜೀವಮಾನದಲ್ಲಿ ಒಮ್ಮೆ ಬಂದು ಹೋಗುವ ಹೆಂಗಸಿಗೆ ಮುಂದಿನ ಸಲ ಎಂಬುದಿಲ್ಲ. ವೈರಸ್ಸಿನ ಪರೀಕ್ಷೆಯಾದರೋ ಮುಂದೆ ಬರಬಹುದಾದ ಕೇಡನ್ನೂ ಈಗಲೇ ಹೇಳುತ್ತದೆ. ಅದನ್ನು ಓದಲು ದಣಿಯುವ ಕಣ್ಣೂ ಬೇಡ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಇದನ್ನೇ ಮೊದಲ ಪರೀಕ್ಷೆಯಾಗಿ ಮಾಡಬೇಕೆಂದು, 30 ವರ್ಷದಿಂದ ಐದು ಹತ್ತು ವರ್ಷಕ್ಕೊಮ್ಮೆ ಸಾಕೆಂದು ಶಿಫಾರಸು ಮಾಡಿತು. ಹೆಂಗಸು ಮರೆಯಲ್ಲಿ ತಾನೇ ಬ್ರಷಿನಿಂದ ಮಾದರಿ ತೆಗೆದುಕೊಡಬಹುದು ಎಂಬುದು ಇನ್ನೊಂದು ಅನುಕೂಲ. ಪರೀಕ್ಷೆಯ ಮೇಜಿನ ಮೇಲೆ ಮಲಗಲು ನಾಚಿ ಹಿಂದೆ ಸರಿಯುವವರಿಗೆ ಇದು ಸಣ್ಣ ಮಾತಲ್ಲ. ಇಂಗ್ಲೆಂಡ್ 2019ರ ಹೊತ್ತಿಗೆ ಮೊದಲು ವೈರಸ್ ಪರೀಕ್ಷೆ, ವೈರಸ್ ಇದ್ದವರಿಗೆ ಮಾತ್ರ ಕೋಶಪರೀಕ್ಷೆ ಎಂಬ ಕ್ರಮಕ್ಕೆ ಬದಲಾಯಿತು. ಚಿತ್ರಗ್ರಾಹಕ ಯಂತ್ರದ ಸರಿಯಾದ ಜಾಗವೂ ಅದೇ ಎನಿಸುತ್ತದೆ: ಊರಿಗೆಲ್ಲ ಮೊದಲ ಜರಡಿಯಾಗಿ ಅಲ್ಲ, ವೈರಸ್ ಸಿಕ್ಕ ಕೆಲವರಿಗೆ ಎರಡನೆಯ ಜರಡಿಯಾಗಿ.

ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಈ ನಾಲ್ಕೂ 2007ರವರೆಗೆ ಕೋಲಾರ ಜಿಲ್ಲೆಯವು. ಜಿಲ್ಲೆ ಬೇರೆಯಾದರೂ ದೊಡ್ಡ ಕಾಯಿಲೆಗೆ ಬಸ್ಸು ಹತ್ತುವುದು ಇಂದಿಗೂ ಬೆಂಗಳೂರಿಗೇ, 1973ರಲ್ಲಿ ಆರಂಭವಾದ ಕಿದ್ವಾಯಿ ಆಸ್ಪತ್ರೆಗೇ. 1982ರಲ್ಲಿ ಅಲ್ಲಿ ಬೆಂಗಳೂರಿನ ಕ್ಯಾನ್ಸರ್ ನೋಂದಣಿ ಶುರುವಾದಾಗ ಹೆಂಗಸರ ಕ್ಯಾನ್ಸರುಗಳಲ್ಲಿ ಮೊದಲ ಸ್ಥಾನ ಗರ್ಭಕಂಠದ್ದಾಗಿತ್ತು. ಈಗ ಆ ಸ್ಥಾನ ಸ್ತನದ ಕ್ಯಾನ್ಸರಿನದು. ವ್ಯವಸ್ಥಿತ ತಪಾಸಣೆಯಿಂದ ಇಳಿದದ್ದಲ್ಲ ಇದು. ತಡವಾದ ಮದುವೆ, ಕಡಿಮೆ ಹೆರಿಗೆ, ನೀರು ಶೌಚದ ಅನುಕೂಲ ಇವುಗಳಿಂದ ಆಗಿದೆ ಎಂದು ತಜ್ಞರು ಹೇಳುತ್ತಾರೆ. ತಪಾಸಣೆಯ ಸ್ಥಿತಿಯಂತೂ ಹೇಳಿಕೊಳ್ಳುವಂತಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದಲ್ಲಿ 30ರಿಂದ 49 ವಯಸ್ಸಿನ ಹೆಂಗಸರಲ್ಲಿ ಒಮ್ಮೆಯಾದರೂ ಈ ಪರೀಕ್ಷೆ ಮಾಡಿಸಿಕೊಂಡವರು ನೂರಕ್ಕೆ ಇಬ್ಬರೂ ಇಲ್ಲ. ಅದೇ ಸಮೀಕ್ಷೆಯಲ್ಲಿ ನೆರೆಯ ತಮಿಳುನಾಡಿನ ಲೆಕ್ಕ ನೂರಕ್ಕೆ ಹತ್ತರ ಹತ್ತಿರವಿದೆ. ಮಿಕ್ಕವರ ಪಟ್ಟಿಯನ್ನು ಯಂತ್ರ ನೋಡಬೇಕಾದರೆ ಮೊದಲು ಪಟ್ಟಿ ಇರಬೇಕು.

ಸರಕಾರ 2016ರಲ್ಲಿ ಗೊತ್ತುಪಡಿಸಿದ ಕ್ರಮದಂತೆ 30ರಿಂದ 65 ವಯಸ್ಸಿನ ಹೆಂಗಸರಿಗೆ ಐದು ವರ್ಷಕ್ಕೊಮ್ಮೆ ವಿನೆಗರ್ ಪರೀಕ್ಷೆ ಆಗಬೇಕು. ತೆಳುವಾದ ವಿನೆಗರನ್ನು ಗರ್ಭಕಂಠಕ್ಕೆ ಹಚ್ಚಿ ಒಂದು ನಿಮಿಷ ಕಾದರೆ ಕೆಟ್ಟ ಜಾಗ ಬೆಳ್ಳಗಾಗುತ್ತದೆ. ಯಂತ್ರವಿಲ್ಲ, ವಿದ್ಯುತ್ತಿಲ್ಲ, ಫಲಿತಾಂಶ ಅಲ್ಲೇ. ಹಗುರಾಗಿ ಕಾಣಬೇಡಿ: ತಮಿಳುನಾಡಿನ ದಿಂಡಿಗಲ್ ಜಿಲ್ಲೆಯಲ್ಲಿ ತರಬೇತಾದ ದಾದಿಯರು ಇದನ್ನೇ ಮಾಡಿ, ಸಾವನ್ನು ಶೇಕಡ 35ರಷ್ಟು ಇಳಿಸಿದರೆಂದು 2007ರಲ್ಲಿ ವರದಿಯಾಯಿತು. ಉಸ್ಮಾನಾಬಾದಿನಲ್ಲಿ ಇಷ್ಟು ಫಲ ಕಾಣಲಿಲ್ಲ. ನೋಡುವವರ ತರಬೇತಿಯ ಮೇಲೆ ಬಹಳ ನಿಂತಿದೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಯಾವ ದಿನ ಮಾಡುತ್ತಾರೆಂದು ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿದರೆ ತಿಳಿಯುತ್ತದೆ.

ಶಿಬಿರ ಏರ್ಪಡಿಸುವ ಸಂಘದವರಿಗೆ ಒಂದೆರಡು ಮಾತು. ದಿನ ಗೊತ್ತುಮಾಡುವಾಗ ಬೆಳೆಯನ್ನು ನೋಡಿ. ಶಿಡ್ಲಘಟ್ಟದಲ್ಲಿ ಹುಳು ನಾಲ್ಕನೆಯ ಜ್ವರ ಎದ್ದ ಮೇಲೆ ಸೊಪ್ಪು ಹಾಕುವ ಹೆಂಗಸು ಮನೆ ಬಿಟ್ಟು ಬರಲಾರಳು. ಚಿಂತಾಮಣಿಯಲ್ಲಿ ಟೊಮ್ಯಾಟೊ ಕೊಯ್ಲಿನ ಭರಾಟೆಯಲ್ಲಿ ಯಾರೂ ಬರುವುದಿಲ್ಲ. ಕೂಲಿಯವರಿಗೆ ಅರ್ಧ ದಿನದ ಕೂಲಿ ಕಡಿಯದೆ ಕಳಿಸಿದರೆ ಸಾಕು, ಭಾಷಣ ಬೇಕಾಗಿಲ್ಲ. ಪರೀಕ್ಷೆ ಮಾಡುವವರು ಹೆಂಗಸರೇ ಆಗಿರಲಿ, ಪರದೆ ಸರಿಯಾಗಿರಲಿ. ವಿಧವೆಯರನ್ನೂ, ಮುಟ್ಟು ನಿಂತವರನ್ನೂ ‘ನಿಮಗೇಕೆ’ ಎಂದು ಬಿಡಬೇಡಿ, ಅವರಿಗೇ ಹೆಚ್ಚು ಬೇಕು.

ಯಂತ್ರ ತಂದಿದ್ದೇವೆ, ಕೃತಕ ಬುದ್ಧಿಮತ್ತೆ ತಂದಿದ್ದೇವೆ ಎಂದು ಯಾರಾದರೂ ಬಂದರೆ ಸಂತೋಷದಿಂದ ಸ್ವಾಗತಿಸಿ, ಜೊತೆಗೇ ಕೇಳಿ: ಯಂತ್ರ ತೋರಿಸಿದ ಚಿತ್ರವನ್ನು ಕೊನೆಗೆ ಯಾವ ವೈದ್ಯರು ನೋಡಿ ಸಹಿ ಹಾಕುತ್ತಾರೆ? ವರದಿ ಎಷ್ಟು ದಿನದಲ್ಲಿ, ಯಾರ ಕೈಗೆ ಬರುತ್ತದೆ? ಸಂಶಯ ಕಂಡವಳನ್ನು ಮುಂದೆ ಎಲ್ಲಿಗೆ ಕಳಿಸುತ್ತೀರಿ, ಖರ್ಚು ಯಾರದು? ಮೂರನೆಯದಕ್ಕೆ ಉತ್ತರವಿಲ್ಲದ ಶಿಬಿರದಿಂದ ಹೆಂಗಸಿಗೆ ಭಯವಷ್ಟೇ ಸಿಗುತ್ತದೆ.

ಇನ್ನೊಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. ವರದಿಯಲ್ಲಿ ‘ಸಂಶಯ’ ಎಂದು ಬಂದರೆ ಕ್ಯಾನ್ಸರ್ ಎಂದಲ್ಲ, ಗರ್ಭಕೋಶ ತೆಗೆಸಬೇಕೆಂದೂ ಅಲ್ಲ. ಕಾಲ್ಪೊಸ್ಕೋಪ್ ಎಂಬ ಹಿಗ್ಗಿಸಿ ತೋರಿಸುವ ಉಪಕರಣದಿಂದ ಗರ್ಭಕಂಠವನ್ನು ನೋಡಿ, ಬೇಕಾದರೆ ಚೂರು ತೆಗೆದು ಪರೀಕ್ಷಿಸುತ್ತಾರೆ. ಕೆಟ್ಟಿದ್ದರೆ ಹೆಚ್ಚಿನವರಿಗೆ ಆ ಜಾಗವನ್ನಷ್ಟೇ ಬಿಸಿಯಿಂದಲೋ ಶೀತದಿಂದಲೋ ಸುಟ್ಟು, ಅಥವಾ ಅಷ್ಟನ್ನೇ ಕತ್ತರಿಸಿ ತೆಗೆದು ಅಂದೇ ಮನೆಗೆ ಕಳಿಸುತ್ತಾರೆ. ‘ಕ್ಯಾನ್ಸರ್ ಆದೀತು’ ಎಂದು ಹೆದರಿಸಿ ಆರೋಗ್ಯವಾದ ಗರ್ಭಕೋಶವನ್ನು ತೆಗೆದುಹಾಕುವ ದಂಧೆ ನಮ್ಮ ರಾಜ್ಯದಲ್ಲೇ ನಡೆದಿದೆ. ಕಲಬುರಗಿ ಜಿಲ್ಲೆಯಲ್ಲಿ ಲಂಬಾಣಿ ಮತ್ತು ದಲಿತ ಹೆಂಗಸರಿಗೆ ಆದ ಈ ಅನ್ಯಾಯ 2015ರಲ್ಲಿ ಬೆಳಕಿಗೆ ಬಂದು ವಿಚಾರಣೆಯಾಯಿತು. ಯಾರಾದರೂ ಒಂದೇ ಭೇಟಿಯಲ್ಲಿ ‘ತೆಗೆಸಿಬಿಡಿ’ ಎಂದರೆ ವರದಿ ಹಿಡಿದುಕೊಂಡು ಜಿಲ್ಲಾ ಆಸ್ಪತ್ರೆಯಲ್ಲೋ ಕಿದ್ವಾಯಿಯಲ್ಲೋ ಇನ್ನೊಬ್ಬರನ್ನು ಕೇಳದೆ ಒಪ್ಪಬೇಡಿ.

ಖರ್ಚಿನ ವಿಷಯ. ಬಿ.ಪಿ.ಎಲ್. ಕುಟುಂಬಗಳಿಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಗೆ ಅವಕಾಶವಿದೆ. ಸಹಕಾರ ಸಂಘದ ಸದಸ್ಯರಿಗಾಗಿ 2003ರಲ್ಲಿ ಜಾರಿಗೆ ಬಂದ ಯಶಸ್ವಿನಿ ಯೋಜನೆ 2018ರಲ್ಲಿ ನಿಂತು, 2023ರ ಜನವರಿಯಿಂದ ಮತ್ತೆ ನಡೆಯಿತು. ಯಾವ ಚಿಕಿತ್ಸೆ ಯಾವುದರಲ್ಲಿ ಸೇರಿದೆ, ನೋಂದಣಿ ಯಾವಾಗ ಎಂಬುದನ್ನು ಕಾಯಿಲೆ ಬರುವ ಮೊದಲೇ ನಿಮ್ಮ ಸಂಘದ ಕಾರ್ಯದರ್ಶಿಯವರಲ್ಲಿ ವಿಚಾರಿಸಿಟ್ಟುಕೊಳ್ಳಿ. ಮನೆಯಲ್ಲಿ 9ರಿಂದ 14 ವಯಸ್ಸಿನ ಹೆಣ್ಣುಮಕ್ಕಳಿದ್ದರೆ ಅವರಿಗೆ ವೈರಸ್ ತಡೆಯುವ ಲಸಿಕೆಯಿದೆ. 2022ರಲ್ಲಿ ಒಪ್ಪಿಗೆ ಪಡೆದ ‘ಸರ್ವಾವ್ಯಾಕ್’ ನಮ್ಮ ದೇಶದಲ್ಲೇ, ಪುಣೆಯಲ್ಲಿ ತಯಾರಾದದ್ದು. ಲಸಿಕೆ ಮಗಳಿಗೆ, ತಪಾಸಣೆ ತಾಯಿಗೆ. ಒಂದು ಇನ್ನೊಂದರ ಬದಲಿಯಲ್ಲ.

ಪರೀಕ್ಷೆ ಮುಗಿಸಿ ಬಂದವರು ಚೀಟಿಯನ್ನು ಕಿತ್ತೆಸೆಯದೆ ಪಹಣಿ, ರೇಷನ್ ಕಾರ್ಡು ಇಡುವ ಪೆಟ್ಟಿಗೆಯಲ್ಲೇ ಇಡಿ. ಅದರ ಹಿಂಬದಿಗೆ ಯಾವ ಪರೀಕ್ಷೆ, ಯಾವ ತಾರೀಕು, ಏನು ಬಂತು, ಮುಂದೆ ಯಾವಾಗ ಎಂದು ದೊಡ್ಡ ಅಕ್ಷರದಲ್ಲಿ ಬರೆಸಿ. ಐದು ವರ್ಷದ ನಂತರ ಮಗಳೋ ಸೊಸೆಯೋ ಅದನ್ನು ತೆಗೆದು ಓದುವಂತಿರಲಿ.